ಮಾಮಾನ ‘ಅವಕಾಶ’ ಯಾವ ಭಾಷೆಯದು?

ನಮ್ಮ ಸೋದರಮಾವ ಆಯುಷ್ಯದಲ್ಲಿ ಸೋತಿದ್ದು ಒಂದೇ ಕುಸ್ತಿ. ಅದೂ ನಾಲ್ಕಕ್ಷರದ ಒಂದು ಶಬ್ದದ ಕೈಯಲ್ಲಿ! ಹೀಗಂತ ನಾನು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಆದರೆ ಅವತ್ತು ನಿಜವಾಗಿ ಏನಾಯಿತು ಎಂದು ಯಾರಾದರೂ ಗಟ್ಟಿಯಾಗಿ ಕೇಳಿದರೆ ನನಗೆ ಖಾತ್ರಿಯಿಲ್ಲ. ನಾನು ಆ ಸಭೆಯಲ್ಲೇ ಇದ್ದೆ, ಮುಂದಿನ ಸಾಲಿನಲ್ಲೇ ಕೂತಿದ್ದೆ. ಆದರೇನು? ನೆನಪನ್ನು ನಂಬಬೇಡಿ ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಪ್ರಾಧ್ಯಾಪಕರೊಬ್ಬರು ಕಲಿಸಿದ್ದರು. ಯಾವ ಪ್ರಾಧ್ಯಾಪಕರು ಎಂಬುದು ಈಗ ನೆನಪಿಲ್ಲ.

ಮಾಮಾ ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು ಭೋಜದವನು. ಹರೆಯದಲ್ಲಿ ಪೈಲವಾನ, ಆಮೇಲೆ ಕುಸ್ತಿ ಕಣದ ಪಂಚ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲಿ ಕುಸ್ತಿ ನಡೆದರೂ ತೀರ್ಪು ಅವನದು. ಅವನು ಯಾರ ಕೈ ಹಿಡಿದು ಮೇಲೆತ್ತಿದನೋ ಅವನು ಗೆದ್ದ, ಮುಗಿಯಿತು. ಸೋತವನ ಊರಿನವರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಷ್ಟವೇನೆಂದರೆ, ಕಣ ಎಲ್ಲಿ ಮುಗಿಯುತ್ತದೆ ಎಂಬುದು ಮಾಮಾನಿಗೆ ತಿಳಿಯುತ್ತಿರಲಿಲ್ಲ. ಪಾಲಬಾವಿಯ ಒಂದು ಮದುವೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕೆಂದು ಬೀಗರಿಬ್ಬರೂ ಜಗಳಕ್ಕೆ ಬಿದ್ದರು. ಮಾಮಾ ಇಬ್ಬರ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಹೆಣ್ಣಿನ ತಂದೆಯ ಕೈ ಎತ್ತಿಬಿಟ್ಟ. ಗಂಡಿನ ಕಡೆಯವರು ಮಾತಿಲ್ಲದೆ ಎರಡನೇ ಪಂಕ್ತಿಗೆ ಕಾದರು! ಮನೆಯಲ್ಲಿ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೂ ಅವಳ ಸೊಸೆಗೂ ಮಾತು ಬೆಳೆದರೆ “ಬರಾಬರಿ, ಇಬ್ಬರೂ ಬಿಡ್ರಿ” ಎಂದು ಘೋಷಿಸುತ್ತಿದ್ದ.

“ನಂದೂ ನಿಮ್ದೂ ಕುಸ್ತಿ ಆದಾಗ ಪಂಚ ಯಾರ್ರಿ?” ಎಂದು ಅತ್ತಿ ಕೇಳಿದರೆ ಮಾತ್ರ ಮಾಮಾನಿಗೆ ಎಮ್ಮೆಗೆ ಮೇವು ಹಾಕುವುದು ನೆನಪಾಗುತ್ತಿತ್ತು.

ಕಣದಲ್ಲಿ ಮಾಮಾ ಕೈಯಾದರೆ, ಬಾಯಿ ಅವನ ಗೆಳೆಯ ಅಣ್ಣಪ್ಪ ಕಾಕಾನದು. ಪೈಲವಾನರ ಹೆಸರು, ಊರು, ಕೊನೆಗೆ ಪಂಚರ ಹೆಸರು, ಎಲ್ಲವನ್ನೂ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಮೈಕಿನಲ್ಲಿ ಕೂಗುವವನು ಕಾಕಾ. ಮಾಮಾ ಮೈಕು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಇಬ್ಬರೂ ಹುಡುಗುತನದಿಂದ ಒಂದೇ ಪಕ್ಷ, ಒಂದೇ ಮೋಟಾರ್ ಸೈಕಲ್ಲು. ಆ ಪಕ್ಷ ಎಷ್ಟು ಸಲ ಸೋತಿತೋ ಅಷ್ಟು ಸಲ ಇಬ್ಬರೂ ಒಟ್ಟಿಗೇ ಊಟ ಬಿಟ್ಟಿದ್ದಾರೆ.

ಹೀಗಿರುವಾಗ ಜಿಲ್ಲಾ ಪಂಚಾಯತಿ ಚುನಾವಣೆ ಬಂತು. ಎದುರು ಪಕ್ಷದ ಹುರಿಯಾಳು ಮಾಮಾನ ಹಳೆಯ ಶಿಷ್ಯ. ಅವನು ಮನೆಗೆ ಬಂದು ಅಂಗಳದಲ್ಲೇ ಉದ್ದಕ್ಕೆ ಅಡ್ಡಬಿದ್ದು, “ವಸ್ತಾದ, ನೀವ ಕೈ ಎತ್ತಿದ್ರ ನಾ ಗೆದ್ದಂಗ್ರಿ” ಅಂದ. ಕುಸ್ತಿ ಕಲಿಸಿದ ಗುರುವನ್ನು ವಸ್ತಾದ ಎನ್ನುತ್ತಾರೆ. ಆ ಒಂದು ಕರೆಗೆ ಮಾಮಾ ಬೆಲ್ಲದ ಪಾಕವಾದ.

ಸಂಜೆಗೆ ಕಾಕಾ ಬಂದ. “ಪಂಚ ಆದಾಂವ ಒಬ್ಬರ ಕಡೆ ನಿಲ್ಲಬಾರದಲೇ” ಎಂದ.

“ಹುಡುಗ ನಮ್ಮಾಂವ ಅದಾನ. ಪಕ್ಷಾ ಬ್ಯಾರೆ ಆದ್ರ ಏನಾತು?”

“ಹಂಗಾದ್ರ ನಾನೂ ಬ್ಯಾರೆ” ಎಂದು ಕಾಕಾ ಚಹಾ ಕುಡಿಯದೆ ಎದ್ದು ಹೋದ.

ಇನ್ನು ಆ ಸಭೆ, ಶಿಷ್ಯನ ಪ್ರಚಾರದ್ದು. ಭೋಜದ ಮೈದಾನ, ಅರ್ಧ ಜನ ಕನ್ನಡದವರು, ಅರ್ಧ ಮರಾಠಿಯವರು. ಮಾಮಾ ಮೈಕಿನ ಮುಂದೆ ನಿಂತು ಒಂದೇ ಒಂದು ವಾಕ್ಯ ಹೇಳಿದ. ಮೈಕು ಕುಂಯ್ಯೆಂದು ಅದರ ತಲೆ ಬಾಲ ಎರಡನ್ನೂ ತಿಂದಿತು. ಎಲ್ಲರಿಗೂ ಕೇಳಿದ್ದು ನಡುವಿನ ‘ಅವಕಾಶ’ ಮಾತ್ರ. ಆಮೇಲೆ ಶಿಷ್ಯನ ಕೈ ಹಿಡಿದು ಮೇಲೆತ್ತಿದ.

ಕನ್ನಡದಲ್ಲಿ “ಇವಗ ಅವಕಾಶ ಐತಿ” ಎಂದರೆ, ಈ ಸಲ ಇವನಿಗೆ ಗೆಲ್ಲುವ ಯೋಗವಿದೆ, ಮತ ಹಾಕಿ ಎಂದಾಯಿತು. ಮರಾಠಿಯಲ್ಲಿ “ಯಾಲಾ ಅವಕಾಶ ಆಹೆ” ಎಂದರೆ, ಇದಕ್ಕಿನ್ನೂ ವೇಳೆಯಿದೆ, ಅವಸರ ಬೇಡ ಎಂದು! ಸಾಲದ್ದಕ್ಕೆ ಅಲ್ಲಿ ಅವಕಾಶವೆಂದರೆ ಗ್ರಹ ನಕ್ಷತ್ರಗಳಿರುವ ಬಾಹ್ಯಾಕಾಶವೂ ಹೌದು. ಹಿಂದಿನಿಂದ ಒಬ್ಬ, ಹಂಗಾದ್ರ ಇವನನ್ನ ಯಾವ ರಾಕೆಟ್ಟಿನಾಗ ಕಳಸೋಣು ಎಂದು ಮರಾಠಿಯಲ್ಲಿ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಆಮೇಲೆ ನಾನೇ ಸೇರಿಸಿಕೊಂಡೆನೋ?

ಅದೇನೇ ಇರಲಿ, ಮಾಮಾ ಎತ್ತಿದ ಕೈ ಸೋಲುವುದುಂಟೇ? ಶಿಷ್ಯ ಗೆದ್ದ. ಆದರೆ ಮುಗಳಖೋಡದ ಕುಸ್ತಿಯಲ್ಲಿ ಅಣ್ಣಪ್ಪ ಕಾಕಾ ಎಲ್ಲರ ಹೆಸರು ಕೂಗಿ, ಕೊನೆಗೆ “ಪಂಚರೂ ಬಂದಾರ” ಎಂದಷ್ಟೇ ಹೇಳಿ ಮೈಕು ಇಟ್ಟ. ಮಾಮಾ ಅವತ್ತು ಬಸ್ಸಿನಲ್ಲಿ ಮನೆಗೆ ಬಂದ. ಊಟಕ್ಕೆ ಕೂತು, ಪುಂಡಿಪಲ್ಯ ಸಪ್ಪಗೈತಿ ಅಂದ. ಅತ್ತಿ ರುಚಿ ನೋಡಿದಳು, ಉಪ್ಪು ಸರಿಯಾಗಿಯೇ ಇತ್ತು.

ಮುಂದಿನದು ಇನ್ನೂ ಚಂದ. ಗೆದ್ದ ಶಿಷ್ಯ ಸ್ವಲ್ಪ ದಿನಕ್ಕೆ ತನ್ನ ಪಕ್ಷ ಬಿಟ್ಟು ಸೇರಿದ್ದು ಯಾವ ಪಕ್ಷ? ಮಾಮಾನ ಹಳೆಯ ಪಕ್ಷವನ್ನೇ! ಪೇಡೆ ಹಿಡಿದುಕೊಂಡು ಬಂದು, “ವಸ್ತಾದ, ನಿಮ್ಮ ಮನಿಗೇ ಬಂದೇನ್ರಿ” ಎಂದ. ಮಾಮಾನನ್ನು ದ್ರೋಹಿ ಎಂದು ಬೈದಿದ್ದ ಪಕ್ಷದವರೇ ಶಿಷ್ಯನಿಗೆ ಹಾರ ಹಾಕಿದರು. ಯಾರಿಗಾಗಿ ಮಾಮಾ ಪಕ್ಷದ ಮನೆ ಬಿಟ್ಟನೋ ಅವನು ಒಳಗೆ, ಮಾಮಾ ಹೊರಗೆ.

ಅಂದಿನಿಂದ ಮಾಮಾ ಹೊಸ ಪಟ್ಟು ಹಾಕಿದ. ಸಿಕ್ಕವರಿಗೆಲ್ಲ, ಅವತ್ತು ನಾನು ಹೇಳಿದ್ದು ಮರಾಠಿಯಲ್ಲಿ, ಈ ಹುಡುಗ ಇನ್ನೂ ಹಣ್ಣಾಗಿಲ್ಲ ಅಂತಲೇ ಎಚ್ಚರಿಸಿದ್ದೆ, ಕನ್ನಡದವರು ತಪ್ಪು ತಿಳಿದರು ಎನ್ನತೊಡಗಿದ. ನನಗೂ ಹೌದಿರಬಹುದು ಅನ್ನಿಸಿತು. ಯೋಚಿಸಿದಷ್ಟೂ ನನ್ನ ಕಿವಿಯಲ್ಲಿ ‘ಯಾಲಾ’ ಎಂದೇ ಕೇಳತೊಡಗಿತು. ಅತ್ತಿ ಎಂ.ಎ. ಓದಿದವಳಲ್ಲ. ರೊಟ್ಟಿ ಬಡಿಯುತ್ತ ಒಂದೇ ಮಾತು ಕೇಳಿದಳು: “ಕೈ ಎತ್ತಿದ್ದು ಯಾವ ಭಾಷಾದಾಗರಿ?”

ಮಾಮಾ ಮೇವು ಹಾಕಲೂ ಏಳಲಿಲ್ಲ.

ಆಮೇಲೆ ಬಂದದ್ದು ಅಥಣಿ ಕಡೆಯ ಒಂದು ಕುಸ್ತಿ. ಕಾಕಾ ಜೋಡಿಗಳನ್ನು ಕರೆಯುತ್ತಿದ್ದ. ಮಾಮಾ ಕಣ ದಾಟಿ ಹೋಗಿ ಅವನ ಕೈಯಿಂದ ಮೈಕು ತೆಗೆದುಕೊಂಡ. ಪೈಲವಾನರು ಮೈಗೆ ಮಣ್ಣು ಹಚ್ಚಿಕೊಂಡು ಕಾಯುತ್ತಿದ್ದರು.

“ಅಣ್ಣಪ್ಪಾ, ಅವತ್ತ ನಾ ಹೇಳಿದ್ದು ಕನ್ನಡದಾಗ” ಎಂದ. “ತಪ್ಪಾತು.”

ನೋಡಲು ಬಂದ ಜನಕ್ಕೆ ತಲೆಬುಡ ತಿಳಿಯಲಿಲ್ಲ. ಕಾಕಾ ಮೈಕು ತಿರುಗಿ ಇಸಿದುಕೊಂಡು ಪಂಚರ ಹೆಸರನ್ನು ಕೂಗಿದ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ.

ನಾನು ಸಂಶಯದ ಮನುಷ್ಯ. ಮಾಮಾ ಅವತ್ತು ನಿಜ ಒಪ್ಪಿಕೊಂಡನೋ, ಗೆಳೆಯನ ಸಲುವಾಗಿ ಒಂದು ಸುಳ್ಳನ್ನು ಒಪ್ಪಿಕೊಂಡನೋ ಎಂದು ತಲೆ ಕೆಡಿಸಿಕೊಂಡೆ. ಕೊನೆಗೆ ಭೋಜದ ಆ ಸಭೆಯ ವಿಡಿಯೊ ತೆಗೆದಿದ್ದ ನಿಪ್ಪಾಣಿಯ ಫೋಟೊಗ್ರಾಫರನನ್ನು ಹುಡುಕಿ ಹೋದೆ. ಭಾಷೆಯ ವಿಚಾರ ಅದರಿಂದಲೂ ಬಗೆಹರಿಯಲಿಲ್ಲ. ಅಲ್ಲಿಯೂ ಮೈಕು ಕುಂಯ್ಯೆನ್ನುತ್ತದೆ. ಆದರೆ ನನ್ನ ನೆನಪಿನಲ್ಲಿ ಉಳಿಯದೇ ಹೋದ ಒಂದು ಸಂಗತಿ ಅದರಲ್ಲಿತ್ತು. ಆ ವಾಕ್ಯಕ್ಕೆ ಮೊದಲು ಮಾಮಾ ಬಾಯಿ ತೆರೆದು ಬಹಳ ಹೊತ್ತು ಸುಮ್ಮನೆ ನಿಂತಿದ್ದಾನೆ. ಮಾತು ಬರುತ್ತಿಲ್ಲ. ಅಕ್ಕಪಕ್ಕ ನೋಡುತ್ತಾನೆ. ಜನ ಇನ್ನೇನು ನಗಬೇಕು, ಅಷ್ಟರಲ್ಲಿ ಶಾಮಿಯಾನದ ಕೊನೆಯ ಕಂಬದ ಬಳಿ ಟವೆಲಿನಿಂದ ಮುಖ ಮುಚ್ಚಿಕೊಂಡವನೊಬ್ಬ ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ಇಡೀ ಸಭೆ ತಟ್ಟುತ್ತದೆ. ಆಗ ಮಾಮಾನ ಬಾಯಿಗೆ ಮಾತು ಬರುತ್ತದೆ.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ, ಚಿತ್ರ ನಿಲ್ಲಿಸಿ ದೊಡ್ಡದು ಮಾಡಿಸಿದೆ. ತಟ್ಟುವ ಭರದಲ್ಲಿ ಟವೆಲು ಜಾರಿತ್ತು. ಅದು ಅಣ್ಣಪ್ಪ ಕಾಕಾ.