ಅತ್ತೆಯ ಹಾಡಿಗೆ ಪಿಟೀಲು ಹುಡುಕಿದ್ದು

‘ಸ್ವಲ್ಪ ಗೊತ್ತು’ ಎನ್ನುವುದು ಬಹಳ ಅಪಾಯದ ಮಾತು. ಪೂರ್ತಿ ಗೊತ್ತಿರುವವರನ್ನು ಜನ ಗೌರವದಿಂದ ದೂರ ಇಡುತ್ತಾರೆ, ಏನೂ ಗೊತ್ತಿಲ್ಲದವರನ್ನು ಕನಿಕರದಿಂದ ಬಿಟ್ಟುಬಿಡುತ್ತಾರೆ. ಸ್ವಲ್ಪ ಗೊತ್ತಿರುವವರು ಮಾತ್ರ ಎಲ್ಲರ ಕೈಗೂ ಸಿಗುತ್ತಾರೆ. ಹೊಲಿಗೆ ಸ್ವಲ್ಪ ಗೊತ್ತು ಎಂದ ನನ್ನ ಅಕ್ಕ ಬಂಧುಬಳಗದ ರವಿಕೆಗಳಿಗೆಲ್ಲ ಹುಕ್ಕು ಹಾಕುತ್ತಲೇ ನಡುವಯಸ್ಸು ದಾಟಿದಳು. ನಮ್ಮ ಯಜಮಾನರು ಯಾವತ್ತೋ ಒಮ್ಮೆ ಹೋಮಿಯೋಪತಿ ಸ್ವಲ್ಪ ಗೊತ್ತು ಎಂದುಬಿಟ್ಟು, ಈಗಲೂ ಮದುವೆಮನೆಗಳಲ್ಲಿ ಎಡಗಡೆಯವರ ಮಂಡಿನೋವು, ಬಲಗಡೆಯವರ ನೆಗಡಿ ಎರಡನ್ನೂ ಕೇಳಿಸಿಕೊಳ್ಳುತ್ತಾ ಹೋಳಿಗೆ ತಿನ್ನುತ್ತಾರೆ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ನಾನು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನಮ್ಮ ಅತ್ತೆಯ ಮುಂದೆ, ‘ಆರ್ಕೆಸ್ಟ್ರಾಗೆ ಬರೆಯೋದು ನನಗೂ ಸ್ವಲ್ಪ ಗೊತ್ತು ಅತ್ತೆ’ ಎಂದೆ.

ನಮ್ಮ ಅತ್ತೆ ಶಾರದಮ್ಮನವರಿಗೆ ಎಪ್ಪತ್ತು ದಾಟಿದೆ, ಕಂಠಕ್ಕೆ ಇನ್ನೂ ದಾಟಿಲ್ಲ. ಕತ್ರಿಗುಪ್ಪೆಯಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿಗೆ ವಾಕಿಂಗ್ ಬರುವ ಹೆಂಗಸರನ್ನು ಸೇರಿಸಿ ಅವರೊಂದು ಹಾಡಿನ ಗುಂಪು ಕಟ್ಟಿದ್ದಾರೆ. ಗುಂಪು ಕಟ್ಟಿದ ಮೇಲೆ ವಾಕಿಂಗ್ ನಿಂತುಹೋಗಿದೆ, ಅದು ಬೇರೆ ಮಾತು. ಪ್ರತಿವರ್ಷ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಈ ಗುಂಪು ಹಾಡುತ್ತದೆ. ಹೋದ ವರ್ಷ ಪಕ್ಕದ ಬಡಾವಣೆಯವರು ಕೀಬೋರ್ಡು, ರಿದಮ್ ಪ್ಯಾಡು ಇಟ್ಟುಕೊಂಡು ಹಾಡಿ ಬೇಕಾದಷ್ಟು ಚಪ್ಪಾಳೆ ಗಿಟ್ಟಿಸಿದ್ದು ಅತ್ತೆಗೆ ಇನ್ನೂ ಅರಗಿರಲಿಲ್ಲ. ಈ ಸಲ ಅವರು ತಾವೇ ಒಂದು ಹಾಡು ಬರೆದು, ಮೋಹನ ರಾಗದಲ್ಲಿ ಕೂರಿಸಿದ್ದರು. ‘ನಮ್ಮ ಹಿಂದೆ ಸಾಲುಸಾಲಾಗಿ ಪಿಟೀಲು ಇರಬೇಕು ಸುಮಾ. ಥಿಯೇಟರಲ್ಲಿ ಸಿನಿಮಾ ಹೆಸರು ಬೀಳುವಾಗ ಬರುತ್ತಲ್ಲ, ಆ ಥರ’ ಎಂದು ನಿಟ್ಟುಸಿರುಬಿಟ್ಟರು. ನಾನು ಬಾಯಿಬಿಟ್ಟದ್ದು ಆಗಲೇ.

ನನ್ನ ‘ಸ್ವಲ್ಪ’ ಎಷ್ಟು ಎಂದು ಓದುಗರಿಗಾದರೂ ಹೇಳಿಬಿಡುತ್ತೇನೆ. ಕಾನ್ವೆಂಟ್ ಶಾಲೆಯ ಆರ್ಕೆಸ್ಟ್ರಾದಲ್ಲಿ ನಾನು ಕೊನೆಯ ಸಾಲಿನ ಪಿಟೀಲು. ದೊಡ್ಡ ಕಾರ್ಯಕ್ರಮಗಳಿದ್ದಾಗ ನಮ್ಮ ಟೀಚರ್ ಹತ್ತಿರ ಬಂದು, ‘ಕಮಾನು ಚೆನ್ನಾಗಿ ಆಡಿಸು, ತಂತಿಗೆ ಮಾತ್ರ ತಾಗಿಸಬೇಡ’ ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ನುಡಿಸುವುದು ಬರಲಿಲ್ಲ, ಐದು ಗೆರೆಗಳ ಮೇಲೆ ಸ್ವರ ಬರೆಯುವ ಚಾಳಿ ಮಾತ್ರ ಅಂಟಿಕೊಂಡಿತು. ಈಗ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಬಿಡುವಿದ್ದಾಗ ಲ್ಯಾಪ್‌ಟಾಪಿನಲ್ಲಿ ಸ್ವರ ಬರೆಯುವ ಸಾಫ್ಟ್‌ವೇರ್ ತೆರೆದು ಗೀಚುತ್ತೇನೆ. ಬರೆದದ್ದನ್ನು ಅದೇ ನುಡಿಸಿ ತೋರಿಸುತ್ತದೆ. ಕಮಾನು, ತಂತಿ ಯಾವುದರ ಗೊಡವೆಯೂ ಇಲ್ಲ.

ರಜಾದಿನಗಳಲ್ಲಿ ಕೂತು ಅತ್ತೆಯ ಹಾಡಿಗೆ ಪಿಟೀಲು, ಕೊಳಲು, ತುತ್ತೂರಿ, ನಗಾರಿ ಎಲ್ಲಕ್ಕೂ ಬೇರೆ ಬೇರೆ ಸಾಲು ಬರೆದೆ. ಕಣ್ಣಲ್ಲಿ ನೋಡಿದರೆ ಭರ್ಜರಿಯಾಗಿತ್ತು. ಅತ್ತೆ ಅಡುಗೆಮನೆಯಲ್ಲಿದ್ದರು. ಅವರಿಗೆ ಆಶ್ಚರ್ಯವಾಗಲಿ ಎಂದು ಸದ್ದು ಪೂರ್ತಿ ಏರಿಸಿ ಪ್ಲೇ ಒತ್ತಿದೆ. ಅತ್ತೆ ಸೌಟು ಹಿಡಿದುಕೊಂಡೇ ಕಿಟಕಿಯಲ್ಲಿ ಬಗ್ಗಿ ನೋಡಿ, ‘ಯಾರೋ ಗೇಟ್ ಮುಂದೆ ಕಾರು ರಿವರ್ಸ್ ತಗೋತಿದ್ದಾರೆ ನೋಡು. ತುಳಸಿ ಕುಂಡಕ್ಕೆ ತಗಲಿಸಿಯಾರು’ ಎಂದರು.

ತಪ್ಪು ಅವರದಲ್ಲ. ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಬಂದಿದ್ದ ಪಿಟೀಲು ನಿಜಕ್ಕೂ ಹಾಗೇ ಇತ್ತು. ಒಳ್ಳೆಯ ನಾದ ಬೇಕೆಂದರೆ ಬೇರೆ ಸ್ಯಾಂಪಲ್ ಲೈಬ್ರರಿ ಹಾಕಿಕೊಳ್ಳಬೇಕು ಎಂದು ವಿವರಿಸಿದೆ. ‘ಲೈಬ್ರರಿಯಿಂದ ಪಿಟೀಲು ತರ್ತೀಯಾ? ಪುಸ್ತಕ ತಂದು ವಾಪಸ್ ಕೊಟ್ಟವಳೇ ಅಲ್ವಲ್ಲ ನೀನು’ ಎಂದರು ಅತ್ತೆ. ಅದು ಆ ಲೈಬ್ರರಿಯಲ್ಲ, ಯಾವುದೋ ದೇಶದ ದೊಡ್ಡ ಹಾಲಿನಲ್ಲಿ ನಿಜವಾದ ವಾದಕರನ್ನು ಕೂರಿಸಿ, ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಎಳೆದು, ತುಂಡರಿಸಿ, ಬೆರಳಿನಿಂದ ಮೀಟಿ ನುಡಿಸಿ ರೆಕಾರ್ಡ್ ಮಾಡಿಟ್ಟಿರುತ್ತಾರೆ, ನಾವು ಬರೆದದ್ದಕ್ಕೆ ತಕ್ಕ ತುಣುಕನ್ನು ಕಂಪ್ಯೂಟರು ಹೆಕ್ಕಿ ಜೋಡಿಸುತ್ತದೆ ಎಂದೆ. ಅತ್ತೆ ಸೌಟು ಕೆಳಗಿಟ್ಟರು. ‘ಅಂದ್ರೆ ಅಂಗಡಿ ಸಾರಿನ ಪುಡಿ ಥರ. ಅವರು ಹುರಿದು ಕುಟ್ಟಿ ಇಟ್ಟಿರ್ತಾರೆ, ನಾವು ಬೇಳೆಗೆ ಹಾಕ್ಕೋಬೇಕು.’ ನನ್ನ ವಿವರಣೆಗಿಂತ ಅದೇ ಸರಿಯಾಗಿತ್ತು.

ಆದರೆ ಯಾವ ಪುಡಿ? ಇಂಟರ್‌ನೆಟ್ಟಿನಲ್ಲಿ ನೋಡಿದರೆ ಜಯನಗರ ಫೋರ್ತ್ ಬ್ಲಾಕಿನ ಸೀರೆ ಅಂಗಡಿಗೆ ಹೊಕ್ಕಂತಾಯಿತು. ಎಲ್ಲವೂ ಚೆಂದ, ಯಾವುದನ್ನು ಮಡಚಿಡಲೂ ಮನಸ್ಸಿಲ್ಲ. ಒಂದರಲ್ಲಿ ಪಿಟೀಲು ಚೆನ್ನ, ತುತ್ತೂರಿ ತಗಡು. ಇನ್ನೊಂದರಲ್ಲಿ ತುತ್ತೂರಿ ಚಿನ್ನ, ಕೊಳಲಿಗೆ ಉಬ್ಬಸ. ಮಾದರಿಗೆಂದು ಅವರು ಹಾಕಿದ್ದ ಸಂಗೀತವೋ ಶುರುವಿನಿಂದ ಕೊನೆಯವರೆಗೂ ಯುದ್ಧ. ನಗಾರಿ ಗುಡುಗುತ್ತದೆ, ತುತ್ತೂರಿ ಕೂಗುತ್ತದೆ, ಹಿಂದೆ ಗುಂಪೊಂದು ‘ಆ’ ಎಂದು ಒದರುತ್ತದೆ. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಹಾಳೆ ತಗ್ಗಿಸಿ, ‘ಕೊನೆಗೆ ಯಾರು ಗೆದ್ದರು?’ ಎಂದು ಕೇಳಿದರು.

ಆಯ್ಕೆಯನ್ನು ಅತ್ತೆಗೇ ಬಿಟ್ಟೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೊಂದಾಗಿ ಕೇಳಿಸಿದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಾ ತೀರ್ಪು ಕೊಡುತ್ತಾ ಹೋದರು. ‘ಈ ಪಿಟೀಲಿಗೆ ಯಾಕೋ ಅಳು. ರಾಜ್ಯೋತ್ಸವದ ದಿನ ಬೇಡ.’ ‘ಇವರು ಯಾರ ಮೇಲೋ ಸಿಟ್ಟಲ್ಲಿ ನುಡಿಸ್ತಿದ್ದಾರೆ.’ ‘ಇದು ಚೆನ್ನಾಗೇನೋ ಇದೆ, ಆದರೆ ತುಂಬಾ ಜಂಬ.’ ನಾನು ಸುಸ್ತಾಗುವ ಹೊತ್ತಿಗೆ ಒಂದನ್ನು ಕೇಳಿ ಅವರ ಕೈ ನಿಂತಿತು. ‘ಇವರು ಹೊಟ್ಟೆತುಂಬ ಊಟ ಮಾಡಿ, ಸ್ವಲ್ಪ ಮಲಗೆದ್ದು ಬಂದು ನುಡಿಸ್ತಿದ್ದಾರೆ. ಇದನ್ನೇ ತಗೋ.’ ಮತ್ತೆ ಕೇಳಿದೆ. ಹೌದು, ಅದರಲ್ಲೊಂದು ನೆಮ್ಮದಿ ಇತ್ತು. ತಗೊಂಡೆ.

ತಗೊಂಡ ಮೇಲೆ ಗೊತ್ತಾಯಿತು, ಅಷ್ಟು ಜನ ವಾದಕರು ನನ್ನ ಲ್ಯಾಪ್‌ಟಾಪಿನಲ್ಲಿ ಹಿಡಿಸುವುದಿಲ್ಲ. ಜಾಗಕ್ಕೆಂದು ಹುಡುಕಿದಾಗ ನಮ್ಮ ಯಜಮಾನರು ತೆಗೆದ ಸೂರ್ಯಾಸ್ತದ ಫೋಟೋಗಳು ಕಂತೆಗಟ್ಟಲೆ ಸಿಕ್ಕವು. ‘ಎಲ್ಲದರಲ್ಲೂ ಇರೋದು ಒಬ್ಬನೇ ಸೂರ್ಯ ತಾನೆ’ ಎಂದೆ. ‘ನಿನ್ನ ಪಿಟೀಲುಗಳಲ್ಲೂ ಇರೋದು ಏಳೇ ಸ್ವರ’ ಎಂದರು. ಮಾತು ಬೆಳೆಯದಿರಲೆಂದು ನಾನೇ ಹೋಗಿ ಹೊರಗಿನಿಂದ ಜೋಡಿಸುವ ಡಿಸ್ಕ್ ತಂದೆ. ಇಳಿಸಿಕೊಳ್ಳುವಷ್ಟು ಹೊತ್ತೂ ಮನೆಯ ವೈಫೈ ಏದುಸಿರುಬಿಡುತ್ತಿತ್ತು. ಯಜಮಾನರ ಕ್ರಿಕೆಟ್ಟಿನಲ್ಲಿ ಬೌಲರ್ ಓಡಿಬಂದು ಕೈ ಎತ್ತಿದವನು ಎತ್ತಿದ ಹಾಗೇ ನಿಂತಿದ್ದ. ಇವರೂ ಅವನಷ್ಟೇ ತಾಳ್ಮೆಯಿಂದ ಕೂತಿದ್ದರು.

ಜೋಡಿಸುವುದು ಇನ್ನೊಂದು ಕತೆ. ನಾನು ಬರೆದ ಯಾವ ಸಾಲು ಯಾರಿಗೆ ಎಂದು ಒಬ್ಬೊಬ್ಬರಿಗೂ ತೋರಿಸಿಕೊಡಬೇಕು. ಅವಸರದಲ್ಲಿ ಕೊಳಲಿನ ಸಾಲನ್ನು ನಗಾರಿಗೆ ಕೊಟ್ಟುಬಿಟ್ಟೆ. ಕೋಗಿಲೆಯಂತೆ ಬರಬೇಕಾದ ಜಾಗದಲ್ಲಿ ಧಡಧಡ ಧಡಧಡ ಎಂದು ಗೋಡೆಯ ಕ್ಯಾಲೆಂಡರ್ ಅಲುಗಿತು. ಅದನ್ನು ಸರಿಮಾಡಿದರೆ, ಪಿಟೀಲುಗಳು ನಡುನಡುವೆ ಕಮಾನು ಬಿಟ್ಟು ಬೆರಳಿನಿಂದ ಟಿಂಗ್ ಟಿಂಗ್ ಎಂದು ಮೀಟತೊಡಗಿದವು. ತಲೆ ಕೆಡಿಸಿಕೊಂಡು ಓದಿದಾಗ ತಿಳಿಯಿತು: ತೀರಾ ತಗ್ಗಿನ ಕೆಲವು ಸ್ವರಗಳು ಈ ಲೈಬ್ರರಿಯಲ್ಲಿ ಸ್ವರಗಳೇ ಅಲ್ಲ, ‘ಇನ್ನು ಮೀಟಿ’, ‘ಇನ್ನು ಎಳೆಯಿರಿ’ ಎಂದು ವಾದಕರಿಗೆ ಕೊಡುವ ಸನ್ನೆಗಳು. ನಾನು ಕೈತಪ್ಪಿ ಕೆಲವು ಸ್ವರಗಳನ್ನು ಬಹಳ ಕೆಳಗೆ ಬರೆದಿದ್ದೆ. ಅವರು ಪಾಪ, ಮೇಡಂ ಹೇಳಿದ್ದಾರೆಂದು ಮೀಟುತ್ತಿದ್ದರು. ನನ್ನ ಮಾತನ್ನು ಇಷ್ಟು ಚಾಚೂತಪ್ಪದೆ ಕೇಳುವವರು ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಯಾರೂ ಇಲ್ಲ.

ಎಲ್ಲ ಸರಿಹೋಯಿತೆಂದು ಒಂದು ಸಂಜೆ ಗುಂಪಿನ ಹೆಂಗಸರನ್ನೆಲ್ಲ ನಮ್ಮ ಹಾಲಿಗೆ ಕರೆದೆವು. ಕಾಫಿ, ಕೋಡುಬಳೆ ಆದ ಮೇಲೆ ಅಭ್ಯಾಸ ಶುರುವಾಯಿತು. ಹಾಡು ಎತ್ತಿದರು, ಪಿಟೀಲುಗಳು ಒಂದು ಚೂರು ತಡವಾಗಿ ಬಂದವು. ಪಾಪ ಹಿಂದೆ ಬಿದ್ದಿದ್ದಾರೆಂದು ಹೆಂಗಸರು ನಿಧಾನ ಮಾಡಿದರು. ಕಂಪ್ಯೂಟರಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು, ಅದು ತನ್ನ ಪಾಡಿಗೆ ಮುಂದೆ ಹೋಯಿತು. ಅದನ್ನು ಹಿಡಿಯಲು ಇವರು ಓಡಿದರು. ಕೊನೆಗೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಹಾಡು ಮುಗಿಸಿ ನನ್ನ ಮುಖ ನೋಡಿದರು. ‘ಸುಮಾ, ನಿನ್ನ ವಾದ್ಯದವರು ಸಾರಕ್ಕಿ ಸಿಗ್ನಲಲ್ಲಿ ಸಿಕ್ಕಿಹಾಕ್ಕೊಂಡಿದ್ರಾ?’ ಎಂದರು ಅತ್ತೆ. ಎಳೆದು ನುಡಿಸಿದ ತುಣುಕುಗಳಲ್ಲಿ ನಾದ ಮೆಲ್ಲಗೆ ಅರಳುತ್ತದೆ, ಅದಕ್ಕೇ ತಡ. ಹೊಟ್ಟೆತುಂಬ ಉಂಡವರಲ್ಲವೆ. ಅವರೆಲ್ಲ ಕೂದಲೆಳೆಯಷ್ಟು ಮೊದಲೇ ಹೊರಡುವಂತೆ ಮಾಡಿದ ಮೇಲೆ ಹಾಡೂ ವಾದ್ಯವೂ ಕೈಕೈ ಹಿಡಿದುಕೊಂಡು ನಡೆದವು.

ಆ ದಿನಗಳಲ್ಲೇ ಹೆಡ್‌ಫೋನಿನಲ್ಲಿ ನನಗೊಂದು ಸದ್ದು ಕೇಳಿಸಿತು. ಒಂದು ಸ್ವರ ಬಂದಾಗಲೆಲ್ಲ ಅದರ ಬಾಲದಲ್ಲಿ ಸಣ್ಣಗೆ ಕಿರ್ರ್ ಎನ್ನುತ್ತಿತ್ತು. ಯಾರೋ ವಾದಕರು ಕುರ್ಚಿಯಲ್ಲಿ ಸರಿದು ಕೂತ ಸದ್ದು. ತೆಗೆದುಹಾಕಲು ಹೊರಟವಳು ಅತ್ತೆಗೆ ಕೇಳಿಸಿದೆ. ಅವರು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿ, ‘ಬೇಡ, ಇರಲಿ ಬಿಡು. ಯಾರೋ ಕೂತಿದ್ದಾರೆ ಅಂತ ಗೊತ್ತಾಗುತ್ತೆ’ ಎಂದರು. ಮತ್ತೊಂದು ಸಲ ಕೇಳಿ, ‘ಅವರಿಗೆ ಗೊತ್ತಿರುತ್ತಾ, ಕತ್ರಿಗುಪ್ಪೇಲಿ ನಾವು ಅವರ ಜೊತೆ ಹಾಡ್ತಿದ್ದೀವಿ ಅಂತ?’ ಎಂದು ಕೇಳಿದರು. ಇರಲಾರದು ಎಂದೆ. ‘ಗೊತ್ತಿದ್ರೆ ಖುಷಿಪಡ್ತಿದ್ರು’ ಎಂದು ಹೆಡ್‌ಫೋನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು.

ರಾಜ್ಯೋತ್ಸವದ ಸಂಜೆ ಪಾರ್ಕಿನಲ್ಲಿ ಹಳದಿ ಕೆಂಪು ಬಾವುಟ, ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ವೇದಿಕೆಯ ಪಕ್ಕದಲ್ಲಿ ನಾನು, ಲ್ಯಾಪ್‌ಟಾಪ್, ಡಿಸ್ಕ್ ಅಲುಗದಂತೆ ಹಿಡಿದು ಕೂತ ಯಜಮಾನರು. ಎದುರು ಸಾಲಿನಲ್ಲಿ ಪಕ್ಕದ ಬಡಾವಣೆಯ ಹಾಡುಗಾರ್ತಿಯರು ಕೈಕಟ್ಟಿ ಕೂತಿದ್ದರು. ಪಲ್ಲವಿ ಶುರುವಾಯಿತು. ಪಿಟೀಲುಗಳು ಒಟ್ಟಾಗಿ ಎದ್ದಾಗ ಜನ ತಲೆ ಎತ್ತಿ ವಾದ್ಯದವರು ಎಲ್ಲಿದ್ದಾರೆಂದು ಹುಡುಕಿದರು. ಅದನ್ನು ನೋಡಿ ಅತ್ತೆಗೆ ಹುಮ್ಮಸ್ಸು ಬಂದುಬಿಟ್ಟಿತು. ಮುಗಿಸಬೇಕಾದ ಪಲ್ಲವಿಯನ್ನು ಮತ್ತೆ ಎತ್ತಿಕೊಂಡು, ಅದೇ ಸಾಲನ್ನು ಬೇರೆ ಬೇರೆಯಾಗಿ ತಿರುಗಿಸಿ, ಅಭ್ಯಾಸದಲ್ಲಿ ಇಲ್ಲದ ಹೊಸ ಸಂಗತಿ ಹಾಕತೊಡಗಿದರು. ಗುಂಪು ಅವರ ಹಿಂದೆ ಹೋಯಿತು. ಕಂಪ್ಯೂಟರು ತಾನೊಂದೇ ಚರಣಕ್ಕೆ ಹೊರಟಿತು.

‘ನಿಲ್ಲಿಸು’ ಎಂದರು ಯಜಮಾನರು. ನಿಲ್ಲಿಸಿದೆ. ಶಾಮಿಯಾನದ ಕೆಳಗೆ ಬರೀ ಹೆಂಗಸರ ದನಿ ಉಳಿಯಿತು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಕೈಯಲ್ಲಿ ತಾಳ ಹಾಕಲು ಶುರುಮಾಡಿದರು, ಗುಂಪೂ ಹಾಕಿತು, ಎದುರಿನ ಕುರ್ಚಿಗಳವರೂ ಹಾಕಿದರು. ಮೈಕೇ ಬೇಡವೆನ್ನುವಂತೆ ಹಾಡಿದರು. ನಾನು ಚರಣ ಶುರುವಾಗುವ ಜಾಗಕ್ಕೆ ಬಾಣದ ಗುರುತು ತಂದಿಟ್ಟು, ಬೆರಳು ಮೌಸಿನ ಮೇಲಿಟ್ಟು, ಅವರ ತಾಳ ಎಣಿಸುತ್ತಾ ಕಾದೆ. ಅತ್ತೆ ಸಂಗತಿ ಮುಗಿಸಿ ತಲೆಯನ್ನು ಒಂದಿಷ್ಟೇ ಆಡಿಸಿದರು. ಒತ್ತಿದೆ. ನಗಾರಿ ಗುಡುಗಿತು, ಅದರ ಮೇಲೆ ಪಿಟೀಲುಗಳು ಎದ್ದವು, ಚರಣದ ಮೊದಲ ಅಕ್ಷರ ಸರಿಯಾಗಿ ಅಲ್ಲೇ ಬಂದು ಕೂತಿತು. ಬೇಕೆಂದೇ ಹೀಗೆ ಮಾಡಿದ್ದಾರೆಂದು ಜನ ಚಪ್ಪಾಳೆ ತಟ್ಟಿದರು. ಪಕ್ಕದ ಬಡಾವಣೆಯವರೂ ಕೈ ಬಿಚ್ಚಿ ತಟ್ಟಿದರು. ಯಜಮಾನರು ಡಿಸ್ಕ್ ಹಿಡಿದಿದ್ದರಿಂದ ತೊಡೆ ತಟ್ಟಿಕೊಂಡರು.

ಕಾರ್ಯಕ್ರಮ ಮುಗಿದು ಎಲ್ಲರೂ ಕೇಸರಿಭಾತ್ ತಿನ್ನುತ್ತಿದ್ದಾಗ ಬಡಾವಣೆಯ ಸಂಘದ ಕಾರ್ಯದರ್ಶಿ ನಂಜುಂಡಪ್ಪನವರು ಹತ್ತಿರ ಬಂದರು. ಈ ಪಾರ್ಕೂ ಸುತ್ತಲಿನ ರಸ್ತೆಗಳೂ ಒಂದು ಕಾಲಕ್ಕೆ ಅವರ ತಾತನ ರಾಗಿ ಹೊಲ. ‘ಸಖತ್ತಾಗಿತ್ತು ಮೇಡಂ. ನನ್ನ ಮಗಳ ರಿಸೆಪ್ಷನ್ ಐತೆ, ನಿಮ್ಮ ಪಾರ್ಟಿಯವರೆಲ್ಲ ಬರ್ತಾರಾ? ಎಷ್ಟು ಜನ ಆಗ್ತಾರೆ?’ ಎಂದು ಕೇಳಿದರು. ಎಲ್ಲ ಈ ಡಬ್ಬಿಯೊಳಗೇ ಇದ್ದಾರೆ ಎಂದು ತೋರಿಸಿದೆ. ಅವರು ಡಿಸ್ಕನ್ನು ಅತ್ತಿತ್ತ ತಿರುಗಿಸಿ ನೋಡಿ, ‘ಹಾಗಾದ್ರೆ ಸ್ಟೇಜ್ ಚಿಕ್ಕದಾದ್ರೂ ನಡೀತದೆ’ ಎಂದರು. ಆಮೇಲೆ ವಿನಯದಿಂದಲೇ ಕೇಳಿದರು: ‘ಮತ್ತೆ, ನೀವು ಏನು ನುಡಿಸ್ತೀರಾ ಮೇಡಂ?’

ಪಕ್ಕದಲ್ಲಿದ್ದ ಅತ್ತೆ ಕೇಸರಿಭಾತಿನ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು: ‘ನಮ್ಮ ಸೊಸೆ ಮೌಸ್ ನುಡಿಸ್ತಾಳೆ. ಕೈ ಇನ್ನೂ ಪಳಗಬೇಕು. ತಾಳಜ್ಞಾನ ಪರವಾಗಿಲ್ಲ.’

ಸಂಗೀತದ ವಿಷಯದಲ್ಲಿ ನನಗೆ ಇಲ್ಲಿಯವರೆಗೆ ಸಿಕ್ಕಿರುವ ಪ್ರಶಸ್ತಿ ಇದೊಂದೇ. ಮನೆಗೆ ಬಂದವಳು ಯಾರಿಗೂ ಕಾಣದ ಹಾಗೆ ರೂಮಿನ ಬಾಗಿಲು ಹಾಕಿಕೊಂಡು, ಮೌಸನ್ನು ಒಂದು ಬಟ್ಟೆಯಿಂದ ಚೆನ್ನಾಗಿ ಒರೆಸಿಟ್ಟೆ.