ನಲವತ್ತೇಳನೆಯ ನಂಬರಿನ ಗಡ್ಡ

ದೇವೇಂದ್ರಪ್ಪನ ಅಕ್ಷರ ಮುತ್ತಿನಂಥದ್ದು. ಎಡವಟ್ಟಾದದ್ದೇ ಅದರಿಂದ.

ಗದಗಿನ ಕಾಲೇಜೊಂದರಲ್ಲಿ ಒಣಗಿಸಿಟ್ಟ ಗಿಡಗಂಟಿಗಳ ಕಪಾಟು ನೋಡಿಕೊಳ್ಳುವ ಅವನು ಆರು ವರ್ಷದಿಂದ ಹಂಗಾಮಿ. ೧೯೭೮ರ ಆ ಶನಿವಾರ ಮಧ್ಯಾಹ್ನ ಕಪಾಟಿನ ತಪಾಸಣೆಗೆ ಧಾರವಾಡದಿಂದ ಪ್ರೊಫೆಸರರು ಬರುವವರಿದ್ದರು. ಅವರು ಒಳ್ಳೆಯ ವರದಿ ಬರೆದರೆ ನೌಕರಿ ಕಾಯಂ. ಅವರು ಮುಖ್ಯವಾಗಿ ನೋಡಬೇಕೆಂದದ್ದು ನಲವತ್ತೇಳನೆಯ ನಂಬರು: ತೀರಿಹೋದ ಅಂದಾನಪ್ಪ ಮಾಸ್ತರರು ೧೯೫೯ರಲ್ಲಿ ಕಪ್ಪತಗುಡ್ಡದ ಮರವೊಂದರಿಂದ ಬಿಡಿಸಿ ತಂದದ್ದೆನ್ನುವ, ಮುದುಕರ ಗಡ್ಡದಂತೆ ಇಳಿಬೀಳುವ ಬೂದುಬಣ್ಣದ ಕಲ್ಲುಹೂವು. ಅದರ ಚೀಟಿ ಮಾಸಿತ್ತು. ಹೊಸದಾಗಿ ಚೆಂದಗೆ ಬರೆಯೋಣವೆಂದು ದೇವೇಂದ್ರಪ್ಪ ಹಿಂದಿನ ಸಂಜೆ ಪೊಟ್ಟಣವನ್ನು ಬೆಟಗೇರಿಯ ಮನೆಗೆ ತಂದಿದ್ದ.

ಬೆಳಿಗ್ಗೆ ನೋಡಿದರೆ ಚೀಟಿ ಇತ್ತು, ಪೊಟ್ಟಣ ಇರಲಿಲ್ಲ.

“ಅದಾ? ಬಾಜೂಮನಿ ದಿಲಶಾದಬಿ ಮಸಾಲಿಗೆ ಕಲ್ಲುಹೂವು ಕಡಿಮಿ ಬಿತ್ತಂದ್ಲು, ಕೊಟ್ಟೆ,” ಎಂದಳು ಹೆಂಡತಿ ಕಸ್ತೂರೆವ್ವ. “ಕಿರಾಣಿ ಪೊಟ್ಣದಂಗ ಮಡಚಿಟ್ಟಿದ್ರಿ. ನನಗೇನ್ ಗೊತ್ತು?”

ಅವನು ಓಡಿಹೋದಾಗ ದಿಲಶಾದಬಿ ಒರಳಿನ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು. ಹುಳ ಹಿಡಿಯದಿರಲೆಂದು ಕಪಾಟಿನಲ್ಲಿಡುವ ಡಾಂಬರು ಗುಳಿಗೆಯ ವಾಸನೆ ಅಂಗಳದ ತುಂಬ ಹರಡಿತ್ತು.

“ಎಂಥಾ ಹೂವು ಕೊಟ್ರಿ ಸರ? ಸೀರಿ ಟ್ರಂಕ ಕುಟ್ಟಿದಂಗ ಆಗೇತಿ.”

ಸಂಗತಿ ತಿಳಿದ ಮೇಲೆ ಓಣಿಯೇ ಮರುಗಿತು. ಆಳಿಗೊಂದು ಸಲಹೆ ಬಂತು. ಎದುರುಮನೆಯ ತಿಪ್ಪವ್ವನಂತೂ ತನ್ನ ಆಡಿನ ಗಡ್ಡ ಕೊಡುತ್ತೇನೆಂದು ಕತ್ತರಿ ಸಮೇತ ಬಂದಳು. ಬಣ್ಣ ಹೊಂದೀತೇ ಎಂದು ದೇವೇಂದ್ರಪ್ಪ ಒಂದು ಕ್ಷಣ ಆಡನ್ನು ದಿಟ್ಟಿಸಿದ್ದೂ ಉಂಟು.

ಕೊನೆಗೆ ದಿಲಶಾದಬಿಯೇ ಖಾಸಿಂಸಾಬನ ಕಿರಾಣಿ ಅಂಗಡಿಯ ನೆನಪು ಮಾಡಿದಳು. ಅಲ್ಲಿ ಕಲ್ಲುಹೂವಿನ ಚೀಲದೊಳಗೆ ಕೈಯಾಡಿಸಿದರೆ ಅದೇ ಗಡ್ಡ, ಇನ್ನೂ ಒಂದು ಗೇಣು ಉದ್ದ.

“ಘಟ್ಟದಿಂದ ಬರೋ ಮಾಲಿನೊಳಗ ಇಂಥಾ ಕೂದಲಾ ಬರತಾವ್ರಿ, ನಾವು ಆರಿಸಿ ಒಗೀತೀವಿ. ಹಂಗ ಒಯ್ರಿ,” ಎಂದ ಖಾಸಿಂಸಾಬ.

ಕಾಲೇಜಿನಲ್ಲಿ ದೇವೇಂದ್ರಪ್ಪ ಅದನ್ನು ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿದ. ಸಿಕ್ಕಿಕೊಂಡಿದ್ದ ನಾಲ್ಕು ಜೀರಿಗೆ ಕಾಳುಗಳನ್ನು ಹೆಕ್ಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಹೊಸ ಪೊಟ್ಟಣದ ಮೇಲೆ ಮುತ್ತಿನಂಥ ಅಕ್ಷರದ ಚೀಟಿ ಅಂಟಿಸಿದ: ‘ಕಪ್ಪತಗುಡ್ಡ, ೧೯೫೯’.

ಪ್ರೊಫೆಸರರು ಭೂತಗನ್ನಡಿ ಹಿಡಿದು ಅರ್ಧ ತಾಸು ಅದನ್ನೇ ತಿರುತಿರುಗಿಸಿ ನೋಡಿದರು. ಎರಡು ಸಲ ಕನ್ನಡಕ ಒರೆಸಿಕೊಂಡರು.

“ಖರೆ ಹೇಳಬೇಕಂದ್ರ, ಇದರ ಹೆಸರು ಪಟ್ಟಿಯಿಂದ ಹೊಡದು, ನಿಮ್ಮ ಕೆಲಸ ಚಲೋ ಐತಂತ ಬರದು, ಸಂಜಿ ಗಾಡಿ ಹಿಡಿಯಾಂವಿದ್ದೆ,” ಎಂದರು. “ಅಂದಾನಪ್ಪನವರು ಇದರಾಗ ಅರ್ಧಾ ನಮಗೂ ಕಳಿಸಿದ್ರು. ಅದರಾಗ ಜೀರಗಿ ಸಿಕ್ಕಿತ್ತು. ಅಂಗಡ್ಯಾಗ ತಗೊಂಡು ಗುಡ್ಡದ ಹೆಸರು ಬರದಾರ ಅಂತ ಇಷ್ಟು ವರ್ಷ ಅನಮಾನ. ನಿಮ್ಮ ಅರ್ಧದಾಗ ನೋಡಿದ್ರ ಒಂದು ಕಾಳೂ ಇಲ್ಲ. ಪಾಪ, ನಂದ ತಪ್ಪು.”

ಪ್ರೊಫೆಸರರು ಚೀಟಿಯ ‘ಕಪ್ಪತಗುಡ್ಡ’ದ ಮೇಲೆ ಬೆರಳಿಟ್ಟರು.

“ಇವತ್ತ ಇಲ್ಲೇ ವಸ್ತಿ ಮಾಡ್ತೀನಿ. ಅಂದಾನಪ್ಪನವರ ಕಪಾಟು ನೋಡಿಕೊಳ್ಳಾವ್ರು ನೀವು, ನಾಳೆ ಮುಂಜಾನೆ ಗುಡ್ಡಕ್ಕ ಹೋಗಿ ಆ ಮರ ತೋರಸ್ರಿ. ನಿಮ್ಮ ಕಾಯಂ ಮಾತು ಮರ ನೋಡಿದ ಮ್ಯಾಲೆ ಬರೀತೀನಿ.”

ದೇವೇಂದ್ರಪ್ಪ ಜೇಬಿಗೆ ಕೈಹಾಕಿದ. ನಾಲ್ಕೂ ಕಾಳು ಅಲ್ಲೇ ಇದ್ದವು.