ಲಿಂಗಸುಗೂರಿನ ಪ್ಯಾದೆಮಾತ್

ಶತರಂಜದ, ಅಂದ್ರ ಚದುರಂಗದ, ಹುಚ್ಚು ಹಿಡದವರಿಗೆ ಇಂಥಾವು ಆಗೂದು ತಪ್ಪಂಗಿಲ್ಲ. ಇದು ನಾ ಲಿಂಗಸುಗೂರು ತಹಶೀಲ ಕಚೇರ್ಯಾಗ ಗುಮಾಸ್ತ ಇದ್ದಾಗಿನ ಮಾತು. ನಿಜಾಮನ ರಾಜ್ಯ ಹೋಗಿ ನಾಕೈದು ವರ್ಷ ಆಗಿತ್ತು.

೧. ಪಂಥ

ಮುದಗಲ್ಲಿನ ಅರಿವಿ-ಬಟ್ಟಿ ವ್ಯಾಪಾರಿ ಒಬ್ಬರಿದ್ರು. ಶತರಂಜದಾಗ ಸೋತವರಲ್ಲ. ಸುತ್ತೆಲ್ಲಾ ಅವರಿಗೆ 'ಉಸ್ತಾದ' ಅಂತಿದ್ರು. ಒಂದಿನ ಲಿಂಗಸುಗೂರಿನ ಚಾದಂಗಡ್ಯಾಗ ನನ್ನ ನೋಡಿ, "ಗುಮಾಸ್ತರು ಕಾಗದ ಸರಸ್ಯಾರು. ಆನಿ ಸರಸೂದು ಬ್ಯಾರೆ" ಅಂದ್ರು.

ನನಗ ಮೈಯೆಲ್ಲಾ ಉರೀತು. "ಆಡೂಣ ಬರ್ರಿ. ಸೋತಾವ ಗೆದ್ದಾವಗ ಮಂದಿ ಮುಂದ ಉಸ್ತಾದ ಅನಬೇಕು" ಅಂದೆ.

"ಅಂತೀನಿ. ಗೆದ್ದರ" ಅಂದ್ರು.

೨. ಕುದುರಿ ಬಲ್ಲಾವ

ಐತವಾರ ಅದ ಚಾದಂಗಡ್ಯಾಗ ಆಟ. ಮುದಗಲ್ಲಿಂದ ಬಸ್ಸಿನ ತುಂಬ ಮಂದಿ ಬಂದಿದ್ರು. ಅರ್ಧ ಆಟಕ್ಕ ನನಗ ದಾರಿನ ಕಾಣದಂಗಾತು. ಹಿಂದ ನಿಂತಿದ್ದ ಗುರುಗುಂಟಾದ ರೈತ ಒಬ್ಬಾವ, "ಆ ಕುದುರಿ ನಡಸ್ರಿ" ಅಂದ.

"ನಿನಗ ಶತರಂಜ ಬರ್ತೈತೇನು?"

"ಇಲ್ರಿ. ಕುದುರಿ ಗೊತ್ತೈತಿ. ಅದು ಆವಾಗಿಂದ ನಿಂತ ಬಿಟ್ಟೈತಿ."

ಬ್ಯಾರೆ ಏನೂ ತೋಚದ್ದಕ್ಕ ನಡಸಿದೆ. ಆಟ ತಿರುಗಿದ್ದ ಅಲ್ಲಿ. ಇದನ್ನ ಇವತ್ತಿನ ತನಕ ಯಾರಿಗೂ ಹೇಳಿದ್ದಿಲ್ಲ.

೩. ಕೈ ಹಿಂದ ತಗದೆ

ಕಡೀಕ ವಜೀರನ್ನ ಒಂದು ಮನಿ ಸರಸಿದ್ರ ಅವರ ರಾಜಾ ಸತ್ತ. ಆದರ ನಮ್ಮ ಕಡೆ ಪ್ಯಾದೆ, ಅಂದ್ರ ಕಾಲಾಳು, ರಾಜಾನ್ನ ಕಟ್ಟಿದ್ರ ಅದರಂಥಾ ಗೆಲುವು ಇನ್ನೊಂದಿಲ್ಲ. ಅದಕ್ಕ ಪ್ಯಾದೆಮಾತ್ ಅಂತಾರ. ನಾ ವಜೀರನ ಮ್ಯಾಲಿಂದ ಕೈ ತಗದೆ.

ನಮ್ಮ ಹೆಡ್ ಗುಮಾಸ್ತರು ಬೆನ್ನು ಚಿವುಟಿ, "ಊರ ಮರ್ಯಾದಿ ಐತಪಾ, ಮುಗಸು" ಅಂದ್ರು. ಕೇಳಲಿಲ್ಲ. ಐದನೇ ನಡೀಗೆ ನನ್ನ ಸಣ್ಣ ಪ್ಯಾದೆ ಅವರ ರಾಜಾನ್ನ ಕಟ್ಟಿ ಹಾಕಿತು. ವ್ಯಾಪಾರಿ ಎದ್ದು ಕೈ ಮುಗದು, "ಉಸ್ತಾದ" ಅಂದ್ರು. ಅವತ್ತು ನಾ ಮನಿಗೆ ಬಜಾರೆಲ್ಲಾ ಸುತ್ತಿ ಹೋದೆ.

೪. ಮುದಗಲ್ಲಿನಾಗ

ವಾರ ಬಿಟ್ಟು ಕಚೇರಿ ಕೆಲಸದ ನೆವ ಮಾಡಿ ಮುದಗಲ್ಲಿಗೆ ಹೋದೆ. ಅಲ್ಲಿ ಮಂದಿ ಬಾಯಿಲೆ ಉಸ್ತಾದ ಅನಿಸಿಕೊಳ್ಳೂ ಆಸೆ. ವ್ಯಾಪಾರಿ ಅಂಗಡಿ ಮುಂದ ಮಂದಿ ತುಂಬಿತ್ತು. ಅವರು ಗಾದಿ ಮ್ಯಾಲೆ ಕುಂತು ಹೇಳಾಕತ್ತಿದ್ರು:

"ವಜೀರನ ಕೈಲೆ ಸಾಯಾವರು ಓಣಿಗೆ ಹತ್ತು ಮಂದಿ ಅದಾರ. ಪ್ಯಾದೆಮಾತ್ ತಿಂದಾವ ಈ ಮುದಗಲ್ಲಿನಾಗ ನಾ ಒಬ್ಬನ."

"ಹೌದ್ರಿ ಉಸ್ತಾದ" ಅಂತು ಮಂದಿ.

ನನ್ನ ಕಂಡಕೂಡ್ಲೆ ಬಾಜೂಕ ಕುಂಡ್ರಿಸಿಕೊಂಡು, ಚಾ ತರಿಸಿ, "ಇವರ ನೋಡ್ರಿ. ಪಾಪ, ನನ್ನ ಸಲುವಾಗಿ ಭಾಳ ತ್ರಾಸ ತಗೊಂಡ್ರು. ಹೌದಿಲ್ರಿ?" ಅಂದ್ರು.

ಎಲ್ಲಾರೂ ನನ್ನ ಮಾರಿ ನೋಡಾಕತ್ತರು. ಬಾಯಾಗ ಅವರ ಚಾ ಇತ್ತು. ನುಂಗಿ, "ಹೌದ್ರಿ ಉಸ್ತಾದ" ಅಂದೆ.